ಸೇನಾ ಪಾರಿವಾಳ ಸಾಕಣೆಯ ಪದಕಗಳು

ಯುದ್ಧಕಾಲದಲ್ಲಿ ಸುದ್ದಿ ಒಯ್ಯಬಲ್ಲ ಪಾರಿವಾಳಗಳನ್ನು ಬೆಳೆಸಿ, ಪಳಗಿಸಿ, ಸೇನೆಗೆ ಒದಗಿಸುತ್ತಿದ್ದ ಖಾಸಗಿ ಸಾಕಣೆದಾರರಿಗೂ ಅವರ ಸಂಘಗಳಿಗೂ ಸರಕಾರಗಳು ಕೊಡುತ್ತಿದ್ದ ಬಹುಮಾನದ ಬಿಲ್ಲೆಗಳು. 1870-71ರ ಫ್ರಾನ್ಸ್-ಪ್ರಷ್ಯ ಯುದ್ಧದ ಬಳಿಕ ಯೂರೋಪಿನಲ್ಲಿ ಈ ರೂಢಿ ಬೆಳೆಯಿತು. ಎರಡನೆಯ ಮಹಾಯುದ್ಧದ ನಂತರ ರೇಡಿಯೋ ಎಲ್ಲ ತುಕಡಿಗಳಿಗೂ ತಲುಪಿದಾಗ ಅದಕ್ಕೆ ಅರ್ಥ ಉಳಿಯಲಿಲ್ಲ.

ಹಕ್ಕಿಯ ಶೌರ್ಯಕ್ಕೆ ಕೊಟ್ಟ ಪದಕಗಳು ಬೇರೆ, ಸಾಕಿದವನ ಕೆಲಸಕ್ಕೆ ಕೊಟ್ಟ ಪದಕಗಳು ಬೇರೆ. ಗುಂಡಿನ ಮಳೆಯಲ್ಲಿ ಹಾರಿಬಂದ ಪಾರಿವಾಳದ ಕಥೆ ಮಕ್ಕಳ ಪುಸ್ತಕಗಳಿಗೂ ಬಂದಿದೆ. ಆ ಪಾರಿವಾಳದ ತಂದೆತಾಯಿಯನ್ನು ಜೋಡಿ ಮಾಡಿದವನ ಹೆಸರು ಮಾತ್ರ ಹಳೆಯ ಪದಕವೊಂದರ ಅಂಚಿನಲ್ಲಿ ಸವೆದುಹೋಗಿರುತ್ತದೆ. ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಹೇಳುವುದು ಈ ಎರಡನೆಯ ಬಗೆಯ ಪದಕವೇ. ಬಂದೂಕನ್ನು ಕಾರ್ಖಾನೆಯಲ್ಲಿ ಮಾಡಿಸಬಹುದು, ಕುದುರೆಯನ್ನು ಹಣ ಕೊಟ್ಟು ಕೊಳ್ಳಬಹುದು. ದೂರದಿಂದ ಮನೆಗೆ ಮರಳುವ ಪಾರಿವಾಳ ಮಾತ್ರ ತಲೆಮಾರುಗಳ ಆಯ್ಕೆಯಿಂದ, ಒಬ್ಬನ ಗೂಡಿನಲ್ಲಿ, ಅವನ ಕೈಯ ಕಾಳು ತಿಂದು ಬೆಳೆಯಬೇಕು. ಆಜ್ಞೆ ಹೊರಡಿಸಿ ಅದನ್ನು ಪಡೆಯಲಾಗದು ಎಂಬುದನ್ನು ಸೇನಾ ಇಲಾಖೆಗಳು ಅರಿತುಕೊಂಡದ್ದಕ್ಕೆ ಈ ಪದಕಗಳೇ ಸಾಕ್ಷಿ.

ಹಿನ್ನೆಲೆ

1870ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿತು. ತಂತಿ ಕಡಿಯಿತು, ರೈಲು ನಿಂತಿತು. ನಗರದೊಳಗಿಂದ ಹೊರಕ್ಕೆ ಬಲೂನುಗಳು ಹೋಗುತ್ತಿದ್ದವು. ಆದರೆ ಬಲೂನು ಗಾಳಿ ಒಯ್ದ ಕಡೆ ಹೋಗುತ್ತದೆಯೇ ಹೊರತು ಬೇಕೆಂದ ಊರಿಗೆ ಮರಳುವುದಿಲ್ಲ. ಆಗ ನೆರವಿಗೆ ಬಂದವರು ಪ್ಯಾರಿಸ್ಸಿನ ಹವ್ಯಾಸಿ ಸಾಕಣೆದಾರರು. ಕಸ್ಸಿಯೇ, ವಾನ್ ರೂಸ್‌ಬೇಕೆ ಮೊದಲಾದವರು ತಮ್ಮ ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಲೂನು ಹತ್ತಿ ಶತ್ರುವಿನ ಸಾಲುಗಳ ಮೇಲೆ ಹಾರಿಹೋದರು. ತೂರ್, ಬ್ಲ್ವಾ ಮುಂತಾದ ಊರುಗಳ ಕಡೆಯಿಂದ ಆ ಹಕ್ಕಿಗಳನ್ನು ಬಿಟ್ಟರೆ ಅವು ಪ್ಯಾರಿಸ್ಸಿನ ತಮ್ಮ ಗೂಡಿಗೆ ಮರಳುತ್ತಿದ್ದವು. ಛಾಯಾಗ್ರಾಹಕ ರೆನೆ ದಾಗ್ರೋನ್ ನವೆಂಬರ್ 12ರಂದು ಬಲೂನಿನಲ್ಲಿ ಹೊರಬಿದ್ದು, ಪತ್ರಗಳನ್ನು ಅತಿ ಸಣ್ಣದಾಗಿ ಕುಗ್ಗಿಸಿ ತೆಳ್ಳನೆಯ ಫಿಲ್ಮಿನ ಮೇಲೆ ಮೂಡಿಸುವ ವ್ಯವಸ್ಥೆ ಮಾಡಿದ. ಒಂದು ಫಿಲ್ಮಿನಲ್ಲಿ ಸುಮಾರು 3,000 ಸಂದೇಶ ಹಿಡಿಯುತ್ತಿದ್ದವು. ಅಂಥ ಹಲವು ಫಿಲ್ಮುಗಳನ್ನು ಸುರುಳಿ ಸುತ್ತಿ ಹಕ್ಕಿಯ ಬಾಲದ ಗರಿಗೆ ಕಟ್ಟುತ್ತಿದ್ದರು.

ಬಿಟ್ಟ ಹಕ್ಕಿಗಳು ಮುನ್ನೂರಕ್ಕೂ ಹೆಚ್ಚು, ನಗರ ಮುಟ್ಟಿದವು ಅರುವತ್ತರ ಆಸುಪಾಸು. ಚಳಿ, ಮಂಜು, ಗಿಡುಗ, ಬೇಟೆಗಾರರ ಕೋವಿ ಇವುಗಳ ನಡುವೆ ಅಷ್ಟು ಮರಳಿದ್ದೇ ದೊಡ್ಡದು. ಯುದ್ಧ ಮುಗಿದ ಮೇಲೆ ಸರಕಾರ ತನ್ನ ಬಳಿ ಉಳಿದ ಪಾರಿವಾಳಗಳನ್ನು ಹರಾಜಿಗೆ ಹಾಕಿತು. ಒಂದು ಹಕ್ಕಿಗೆ ಸರಾಸರಿ ಬಂದ ಬೆಲೆ 1 ಫ್ರಾಂಕ್ 50 ಸೆಂಟೀಮ್. ಮೂರು ಸಲ ಹಾರಿಬಂದವು ಎನ್ನಲಾದ ಎರಡು ಹಕ್ಕಿಗಳನ್ನು ಮಾತ್ರ ಆಸಕ್ತರೊಬ್ಬರು 26 ಫ್ರಾಂಕ್ ಕೊಟ್ಟು ಕೊಂಡರು. ಮುತ್ತಿಗೆಯ ನಾಲ್ಕು ತಿಂಗಳು ರಾಜಧಾನಿಯ ಕಿವಿಯಾಗಿದ್ದ ಹಕ್ಕಿಗಳಿಗೆ ಸಿಕ್ಕ ಈ ಬೆಲೆ ನೋವು ತರುವಂಥದ್ದು. ಮುಂದಿನ ಕೆಲವೇ ವರ್ಷಗಳಲ್ಲಿ ಅದೇ ಯೂರೋಪು ಪಾರಿವಾಳ ಸಾಕಿದವನಿಗೆ ಸರಕಾರಿ ಮುದ್ರೆಯ ಪದಕ ಕೊಡತೊಡಗಿತು. ಕಲಾವಿದರು ಮಾತ್ರ ಮೊದಲೇ ಎಚ್ಚೆತ್ತಿದ್ದರು. ಪ್ಯುವಿಸ್ ದ ಶವಾನ್ ಯುದ್ಧದ ನಡುವೆಯೇ ‘ಬಲೂನು’, ‘ಪಾರಿವಾಳ’ ಎಂಬ ಜೋಡಿ ಚಿತ್ರಗಳನ್ನು ಬರೆದ. ಮುತ್ತಿಗೆಯ ಕಾಲದ ಈ ಸೇವೆಯ ನೆನಪಿಗೆ ಶಿಲ್ಪಿ ಬಾರ್ತೋಲ್ಡಿ ರೂಪಿಸಿದ ಸ್ಮಾರಕ 1906ರಲ್ಲಿ ನಯೀ ಬಳಿ ಅನಾವರಣಗೊಂಡಿತು; ಎರಡನೆಯ ಮಹಾಯುದ್ಧದ ಜರ್ಮನ್ ಆಕ್ರಮಣದ ಕಾಲದಲ್ಲಿ ಅದನ್ನು ಕರಗಿಸಲಾಯಿತು.

ಸಾಕಣೆ ಎಂಬ ವಿದ್ಯೆ

ಪದಕ ಯಾವುದಕ್ಕೆ ಸಲ್ಲುತ್ತಿತ್ತು ಎಂದು ತಿಳಿಯಲು ಗೂಡಿನೊಳಗೆ ಸ್ವಲ್ಪ ಹೊತ್ತು ನಿಲ್ಲಬೇಕು. ದೂರದಿಂದ ಗೂಡಿಗೆ ಮರಳುವ ಇಂದಿನ ಹೋಮರ್ ಪಾರಿವಾಳದ ತವರು ಬೆಲ್ಜಿಯಂ. ಅಲ್ಲಿನ ಲಿಯೇಜ್, ಆಂಟ್ವೆರ್ಪ್ ಪ್ರದೇಶದ ಸಾಕಣೆದಾರರು ಹಲವು ತಳಿಗಳನ್ನು ಬೆರೆಸಿ, ದೂರ ಹಾರುವ ದಮ್ಮು, ಮನೆಯ ಸೆಳೆತ, ಬಲವಾದ ಎದೆ ಮೂರೂ ಇರುವ ಹಕ್ಕಿಯನ್ನು ಕಡೆದು ತೆಗೆದರು. 1818ರ ಹೊತ್ತಿಗೇ ಅಲ್ಲಿ ನೂರು ಮೈಲಿಗೂ ಹೆಚ್ಚಿನ ದೂರದ ಪಂದ್ಯ ನಡೆದಿತ್ತು. ವೆರ್ವಿಯೇ ಪಟ್ಟಣದ ವೈದ್ಯ ಫೆಲಿಕ್ಸ್ ಶಾಪ್ವಿ 1865ರಲ್ಲಿ ಬೆಲ್ಜಿಯಂ ಪಾರಿವಾಳದ ಬಗ್ಗೆ ಬರೆದ ಗ್ರಂಥ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟಿತು.

ಚಳಿಗಾಲ ಕಳೆಯುತ್ತಿದ್ದಂತೆ ಜೋಡಿ ಹಾಕುತ್ತಾರೆ. ಹೆಣ್ಣು ಎರಡು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಪಾಳಿಯ ಮೇಲೆ ಸುಮಾರು 18 ದಿನ ಕಾವು ಕೊಡುತ್ತವೆ. ಮರಿಗೆ ಮೊದಲ ದಿನಗಳಲ್ಲಿ ತಂದೆತಾಯಿಗಳ ಗಂಟಲಚೀಲದಲ್ಲಿ ಒಸರುವ ಹಾಲಿನಂಥ ದ್ರವವೇ ಆಹಾರ. ಒಂದು ವಾರದ ಮರಿಯ ಕಾಲಿಗೆ ಉಂಗುರ ತೊಡಿಸುವುದು ಸಾಕಣೆದಾರನ ದೊಡ್ಡ ಕೆಲಸ. ಈ ಉಂಗುರಕ್ಕೆ ಬೆಸುಗೆ ಇಲ್ಲ, ಬಾಯಿ ಇಲ್ಲ. ಮುಂದಿನ ಮೂರು ಬೆರಳನ್ನು ಒಟ್ಟಿಗೆ ಹಿಡಿದು ಉಂಗುರದೊಳಗೆ ತೂರಿಸಿ, ಹಿಂದಿನ ಬೆರಳನ್ನು ಕಾಲಿಗೆ ಒತ್ತಿ ಮೆಲ್ಲನೆ ಹೊರಗೆಳೆಯಬೇಕು. ನಾಲ್ಕು ದಿನ ಬೇಗ ತೊಡಿಸಿದರೆ ಜಾರಿ ಬೀಳುತ್ತದೆ, ನಾಲ್ಕು ದಿನ ತಡವಾದರೆ ತೂರುವುದೇ ಇಲ್ಲ. ಹಕ್ಕಿ ಬೆಳೆದ ಮೇಲೆ ಅದನ್ನು ತೆಗೆಯುವಂತಿಲ್ಲ, ಬೇರೆ ಹಕ್ಕಿಗೆ ಹಾಕುವಂತೆಯೂ ಇಲ್ಲ. ಈ ಹಕ್ಕಿ ಇಂಥವನ ಗೂಡಿನಲ್ಲಿ ಇಂಥ ವರ್ಷ ಹುಟ್ಟಿದ್ದು ಎಂಬುದಕ್ಕೆ ಆ ಉಂಗುರದ ಅಕ್ಷರ, ಅಂಕಿಗಳೇ ಆಧಾರ. ಪದಕದ ಹಕ್ಕು ನಿಲ್ಲುವುದೂ ಅದರ ಮೇಲೆ.

ನಾಲ್ಕು ವಾರಕ್ಕೆ ಮರಿಯನ್ನು ತಾಯಿಯಿಂದ ಬೇರ್ಪಡಿಸಿ, ಗೂಡಿನ ಸುತ್ತ ಹಾರಲು ಬಿಟ್ಟು, ಆಮೇಲೆ ಬುಟ್ಟಿಯಲ್ಲಿ ಸಾಗಿಸಿ ಸ್ವಲ್ಪಸ್ವಲ್ಪವೇ ದೂರ ಹೆಚ್ಚಿಸುತ್ತ ಬಿಟ್ಟು ಕಲಿಸಬೇಕು. ಪಂದ್ಯದಲ್ಲಿ ಎಲ್ಲ ಹಕ್ಕಿಗಳನ್ನೂ ಒಂದೇ ಜಾಗದಿಂದ ಬಿಡುತ್ತಾರೆ. ಒಂದೊಂದರ ಗೂಡು ಒಂದೊಂದು ದೂರದಲ್ಲಿ ಇರುವುದರಿಂದ ಯಾರು ಮೊದಲು ಬಂದರು ಎಂದು ನೋಡುವುದಿಲ್ಲ; ನಿಮಿಷಕ್ಕೆ ಎಷ್ಟು ಮೀಟರಿನ ವೇಗ ಎಂದು ಲೆಕ್ಕ ಹಾಕುತ್ತಾರೆ. ಸೇನೆಗೆ ಬೇಕಾದದ್ದೂ ಇದೇ ಲೆಕ್ಕ. ಹಾಗಾಗಿ ಭಾನುವಾರದ ಪಂದ್ಯವೇ ಸೇನೆಯ ಪರೀಕ್ಷೆಯೂ ಆಯಿತು, ಪಂದ್ಯದ ಬಹುಮಾನದ ಜೊತೆ ಯುದ್ಧ ಇಲಾಖೆಯ ಪದಕವೂ ಸೇರಿತು.

ಜರ್ಮನಿ

ಪ್ಯಾರಿಸ್ಸಿನಿಂದ ಪಾಠ ಕಲಿತವರಲ್ಲಿ ಮೊದಲಿಗರು ಮುತ್ತಿಗೆ ಹಾಕಿದವರೇ. ಹೊಸ ಜರ್ಮನ್ ಸಾಮ್ರಾಜ್ಯ ಕಲೋನ್, ಮೆಟ್ಸ್, ಸ್ಟ್ರಾಸ್‌ಬುರ್ಗ್ ಮೊದಲಾದ ಕೋಟೆ ಊರುಗಳಲ್ಲಿ ಸೇನಾ ಗೂಡುಗಳನ್ನು ಕಟ್ಟಿತು. ಆದರೆ ಸೇನೆಯ ಗೂಡುಗಳಷ್ಟೇ ಸಾಲವು ಎಂಬುದು ಬೇಗ ತಿಳಿಯಿತು. 1884ರಲ್ಲಿ ದೇಶದ ಸಾಕಣೆದಾರರ ಸಂಘಗಳು ಒಂದು ಒಕ್ಕೂಟವಾದವು. ಒಕ್ಕೂಟದ ಸದಸ್ಯರು ಯುದ್ಧ ಬಂದರೆ ತಮ್ಮ ಹಕ್ಕಿಗಳನ್ನು ಸೇನೆಗೆ ಬಿಟ್ಟುಕೊಡಲು ಒಪ್ಪಿದರು. ಪ್ರತಿಯಾಗಿ ಪ್ರಷ್ಯದ ಯುದ್ಧ ಸಚಿವಾಲಯ ಉತ್ತಮ ಸಾಧನೆಗೆ ಸರಕಾರಿ ಪದಕಗಳನ್ನೂ, ಪಾರಿವಾಳ ಹಿಡಿಯುವ ಗಿಡುಗ ಡೇಗೆಗಳನ್ನು ಕೊಂದವರಿಗೆ ಬಹುಮಾನವನ್ನೂ ಕೊಡುತ್ತಿತ್ತು.

1894ರ ಮೇ 28ರ ಕಾನೂನು ಈ ಒಪ್ಪಂದಕ್ಕೆ ಗಟ್ಟಿ ತಳಪಾಯ ಹಾಕಿತು. ಸೇನೆಯ ಸ್ವಂತ ಹಕ್ಕಿಗಳು ಮಾತ್ರವಲ್ಲ, ನಿಯಮದಂತೆ ಸೇನೆಯ ವಶಕ್ಕೆ ಗೊತ್ತುಮಾಡಿದ, ನಿಗದಿತ ಮುದ್ರೆ ಒತ್ತಿದ ಖಾಸಗಿ ಹಕ್ಕಿಗಳೂ ‘ಸೇನಾ ಪಾರಿವಾಳ’ಗಳೇ ಎಂದು ಅದು ಸಾರಿತು. ಬೆಳೆ ತಿನ್ನುವ ಪಾರಿವಾಳವನ್ನು ಹೊಡೆಯಲು ಬಿಡುತ್ತಿದ್ದ ಸ್ಥಳೀಯ ಕಾಯಿದೆಗಳು ಇವುಗಳಿಗೆ ಅನ್ವಯಿಸುತ್ತಿರಲಿಲ್ಲ. ರೂರ್ ಪ್ರದೇಶದ ಕಲ್ಲಿದ್ದಲು ಗಣಿ ಕಾರ್ಮಿಕರ ನಡುವೆ ಈ ಸಾಕಣೆ ಬೇರೂರಿತ್ತು. ಪಾರಿವಾಳವನ್ನು ಅಲ್ಲಿನವರು ಬಡವನ ರೇಸುಕುದುರೆ ಎಂದೇ ಕರೆಯುತ್ತಾರೆ. ದಿನವಿಡೀ ನೆಲದಡಿ ದುಡಿದು ಬಂದವನ ಅಟ್ಟದ ಮೇಲಿನ ಹಕ್ಕಿಗೆ ಸಾಮ್ರಾಜ್ಯದ ಕಾನೂನಿನ ರಕ್ಷಣೆ, ಅವನ ಮನೆಯ ಗೋಡೆಗೆ ಸಚಿವಾಲಯದ ಪದಕ. ಹೊಟ್ಟೆಪಾಡಿನ ಕೆಲಸದಲ್ಲಿ ಅವನಿಗೆ ಎಂದೂ ಸಿಗದ ಮನ್ನಣೆ ಇದು. ಸರಕಾರದ ಲೆಕ್ಕದಲ್ಲಿ ಪದಕ ಅಗ್ಗದ ವೆಚ್ಚವಾಗಿದ್ದಿರಬಹುದು, ಪಡೆದವನಿಗೆ ಅದು ಅಗ್ಗವಾಗಿರಲಿಲ್ಲ.

ಕ್ರೋನ್‌ಬರ್ಗಿನ ಔಷಧಿ ವ್ಯಾಪಾರಿ ಯೂಲಿಯುಸ್ ನಾಯ್‌ಬ್ರೋನರ್ ಇದೇ ಪರಂಪರೆಯವನು. ಔಷಧ ತರಿಸಲು ಪಾರಿವಾಳ ಸಾಕಿದ್ದ ಅವನು ಹಕ್ಕಿಯ ಎದೆಗೆ ಕಟ್ಟುವ ಪುಟ್ಟ ಕ್ಯಾಮೆರಾ ರೂಪಿಸಿದ. 1910 ಮತ್ತು 1911ರ ಪ್ಯಾರಿಸ್ ವಿಮಾನ ಪ್ರದರ್ಶನಗಳಲ್ಲಿ ಅವನಿಗೆ ಬಹುಮಾನಗಳು ದೊರೆತವು.

ಫ್ರಾನ್ಸ್ ಮತ್ತು ನೆರೆಯ ದೇಶಗಳು

ಫ್ರಾನ್ಸಿನಲ್ಲಿ ನಿಯಂತ್ರಣ ಇನ್ನೂ ಬಿಗಿಯಾಗಿತ್ತು. 1896ರ ಜುಲೈ 22ರ ಕಾನೂನಿನಂತೆ ಸಂದೇಶವಾಹಕ ಪಾರಿವಾಳದ ಗೂಡು ತೆರೆಯಬೇಕಾದರೆ ಜಿಲ್ಲೆಯ ಮುಖ್ಯಾಧಿಕಾರಿಯ ಅನುಮತಿ ಬೇಕಿತ್ತು. ಒಂದು ಕೈಯಲ್ಲಿ ಈ ಲಗಾಮು, ಇನ್ನೊಂದು ಕೈಯಲ್ಲಿ ಪದಕ. ಸಂಘಗಳ ವಾರ್ಷಿಕ ಪಂದ್ಯಗಳಿಗೆ ಯುದ್ಧ ಸಚಿವಾಲಯ ಬಹುಮಾನವಾಗಿ ಪದಕಗಳನ್ನು ಒದಗಿಸುತ್ತಿತ್ತು.

ಇವು ಎದೆಗೆ ಸಿಕ್ಕಿಸುವ ಪದಕಗಳಲ್ಲ. ರಿಬ್ಬನ್ ಪೋಣಿಸುವ ಕೊಂಡಿ ಸಾಮಾನ್ಯವಾಗಿ ಇರುವುದಿಲ್ಲ. ಅಂಗೈಯಲ್ಲಿ ಕೂರುವಂಥ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಡುವಂಥ ದಪ್ಪ ಬಿಲ್ಲೆಗಳು. ಆ ಕಾಲದ ಫ್ರೆಂಚ್ ಬಹುಮಾನ ಪದಕಗಳ ವಾಡಿಕೆಯಂತೆ ಒಂದು ಮುಖದಲ್ಲಿ ಗಣರಾಜ್ಯವನ್ನು ಪ್ರತಿನಿಧಿಸುವ ಹೆಣ್ಣಿನ ತಲೆ, ಇನ್ನೊಂದರಲ್ಲಿ ಎಲೆಗಳ ಮಾಲೆ ಅಥವಾ ಹಾರುವ ಪಾರಿವಾಳ, ನಡುವೆ ಖಾಲಿ ಜಾಗ. ಟಂಕಶಾಲೆಯ ಅಚ್ಚು ಎಲ್ಲರಿಗೂ ಒಂದೇ. ಖಾಲಿ ಜಾಗದಲ್ಲಿ ಗೆದ್ದವನ ಹೆಸರು, ಊರು, ವರ್ಷವನ್ನು ಆಮೇಲೆ ಕೊರೆಯುತ್ತಿದ್ದರು. ಚಿನ್ನದ ಮುಲಾಮು ಹಾಕಿದ ಬೆಳ್ಳಿ, ಬರಿಯ ಬೆಳ್ಳಿ, ಕಂಚು ಎಂದು ದರ್ಜೆ. ಸಂಗ್ರಹಕಾರರು ಇಂಥ ಬಿಲ್ಲೆಯನ್ನು ಕೈಗೆತ್ತಿಕೊಂಡಾಗ ಮೊದಲು ಹುಡುಕುವುದು ಸಚಿವಾಲಯದ ಹೆಸರನ್ನು. ಅದಿದ್ದರೆ ಸೇನೆಗೆ ಸಂಬಂಧಿಸಿದ್ದು. ಸಂಘದ ಹೆಸರಷ್ಟೇ ಇದ್ದರೆ ಬರಿಯ ಪಂದ್ಯದ ಬಹುಮಾನ. ಹೆಸರು ಕೊರೆಯದೆ ಖಾಲಿ ಉಳಿದ ಬಿಲ್ಲೆಗಿಂತ, ಯಾವುದೋ ಸಣ್ಣ ಊರಿನ ಹೆಸರು ಓರೆಕೋರೆಯಾಗಿ ಕೊರೆದದ್ದೇ ಇತಿಹಾಸಕಾರನಿಗೆ ಬೆಲೆಯುಳ್ಳದ್ದು, ಗೂಡುಗಳು ಯಾವ ಯಾವ ಊರಿನಲ್ಲಿದ್ದವು ಎಂದು ಗುರುತಿಸಲು ಅದು ನೆರವಾಗುತ್ತದೆ.

ಇಟಲಿ, ಸ್ಪೇನ್, ಪೋರ್ಚುಗಲ್, ಆಸ್ಟ್ರಿಯಾ, ರಷ್ಯಾಗಳೂ ಸೇನಾ ಗೂಡುಗಳನ್ನು ಇಟ್ಟಿದ್ದವು. ಖಾಸಗಿ ಸಂಘಗಳಿಗೆ ಪ್ರೋತ್ಸಾಹಧನ, ಪಾರಿವಾಳ ಕೊಂದವರಿಗೆ ಶಿಕ್ಷೆ ಎಂಬ ಕ್ರಮ ಯೂರೋಪಿನ ಹಲವೆಡೆ ಹರಡಿತ್ತು.

ಮೊದಲ ಮಹಾಯುದ್ಧ

1914ರಲ್ಲಿ ಈ ಸಿದ್ಧತೆಯೆಲ್ಲ ಪರೀಕ್ಷೆಗೆ ನಿಂತಿತು. ಫಿರಂಗಿ ದಾಳಿಗೆ ಟೆಲಿಫೋನ್ ತಂತಿ ತುಂಡಾದಾಗ ಕಂದಕದಲ್ಲಿ ಉಳಿಯುತ್ತಿದ್ದದ್ದು ಬುಟ್ಟಿಯ ಪಾರಿವಾಳ. 1916ರ ಜೂನ್ 4ರಂದು ವೆರ್ದಂ ರಣರಂಗದ ವೋ ಕೋಟೆಯಲ್ಲಿ ಸಿಕ್ಕಿಬಿದ್ದ ಮೇಜರ್ ರೇನಾಲ್ ತನ್ನ ಬಳಿ ಉಳಿದಿದ್ದ ಕೊನೆಯ ಹಕ್ಕಿಯನ್ನು ಬಿಟ್ಟ. ವಿಷಾನಿಲ ಕುಡಿದಿದ್ದರೂ ಅದು ವೆರ್ದಂ ಮುಟ್ಟಿತು. ಮೂರು ದಿನದ ಬಳಿಕ ಕೋಟೆ ಶರಣಾಯಿತು. ಹಕ್ಕಿಗೆ ಸೇನೆಯ ಅಧಿಕೃತ ಪ್ರಶಂಸೆ ದೊರೆಯಿತು. 1918ರ ಅಕ್ಟೋಬರ್ 4ರಂದು ಆರ್ಗೋನ್ ಕಾಡಿನಲ್ಲಿ ಸುತ್ತುವರಿಯಲ್ಪಟ್ಟ ಅಮೆರಿಕದ 77ನೆಯ ಡಿವಿಷನ್ನಿನ ತುಕಡಿಯಿಂದ ಹಾರಿದ ‘ಷೆರ್ ಅಮಿ’ಗೆ ಫ್ರಾನ್ಸ್ ಯುದ್ಧಪದಕ ಕೊಟ್ಟಿತು. ಎದೆಗೆ ಗುಂಡು ತಾಗಿ, ಕಾಲು ಛಿದ್ರವಾಗಿ ಗೂಡು ಸೇರಿದ ಆ ಹಕ್ಕಿ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಬ್ರಿಟನ್ನಿನ ಸಾಕಣೆದಾರರಿಂದ ಅಮೆರಿಕ ಸೇನೆಗೆ ಬಂದ ಹಕ್ಕಿ. ಅಮೆರಿಕದ ಸಾಕಣೆದಾರರ ಸಂಘಗಳೂ ಅದಕ್ಕೊಂದು ಚಿನ್ನದ ಪದಕ ಸಲ್ಲಿಸಿದವು.

ಬ್ರಿಟನ್ ಈ ವಿಷಯದಲ್ಲಿ ಹಿಂದೆ ಬಿದ್ದಿತ್ತು. ನೌಕಾಪಡೆ ಒಮ್ಮೆ ಗೂಡುಗಳನ್ನು ಇಟ್ಟಿದ್ದರೂ ರೇಡಿಯೋ ಬಂತೆಂದು ಯುದ್ಧಕ್ಕೆ ಮುಂಚೆಯೇ ಕೈಬಿಟ್ಟಿತ್ತು. ಯುದ್ಧ ಬಂದಾಗ ‘ರೇಸಿಂಗ್ ಪಿಜನ್’ ಪತ್ರಿಕೆಯ ಸಂಪಾದಕ ಎ. ಎಚ್. ಓಸ್ಮನ್ ಮುಂದೆ ನಿಂತು ದೇಶದ ಸಾಕಣೆದಾರರಿಂದ ಹಕ್ಕಿ ಕೂಡಿಸಿ ಸೇವೆಯನ್ನು ಕಟ್ಟಿದ. ಪಾರಿವಾಳಕ್ಕೆ ಹೊಡೆದವರಿಗೆ ಆರು ತಿಂಗಳ ಸೆರೆ ಅಥವಾ 100 ಪೌಂಡ್ ದಂಡ, ಹಿಡಿದುಕೊಟ್ಟವರಿಗೆ 5 ಪೌಂಡ್ ಬಹುಮಾನ ಎಂಬ ಭಿತ್ತಿಪತ್ರಗಳು ಊರೂರಲ್ಲಿ ಅಂಟಿದವು. ಆ 5 ಪೌಂಡನ್ನು ಕೊಡುತ್ತಿದ್ದದ್ದು ಸರಕಾರವಲ್ಲ, ಸಾಕಣೆದಾರರ ಒಕ್ಕೂಟ.

ಯುದ್ಧದ ನಂತರ ಸ್ಮಾರಕಗಳೂ ಎದ್ದವು. ಬ್ರಸೆಲ್ಸ್‌ನಲ್ಲಿ 1931ರಲ್ಲಿ ‘ಸೈನಿಕ ಪಾರಿವಾಳ’ಕ್ಕೆ ಕಟ್ಟಿದ ಪ್ರತಿಮೆ, ಯುದ್ಧದಲ್ಲಿ ಸತ್ತ 20,000 ಪಾರಿವಾಳಗಳ ನೆನಪಿಗೆ ಲೀಲ್ ನಗರದಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕ ಮುಖ್ಯವಾದವು.

ಡಿಕಿನ್ ಪದಕ ಮತ್ತು ಅದರ ಹಿಂದಿನ ಸಾಕಣೆದಾರರು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ರಾಷ್ಟ್ರೀಯ ಪಾರಿವಾಳ ಸೇವೆಯನ್ನು ರಚಿಸಿತು. ಹವ್ಯಾಸಿಗಳು ಸುಮಾರು 2,00,000 ಮರಿಗಳನ್ನು ಒದಗಿಸಿದರು. ಸೇವೆಗೆ ಸೇರಿದವರ ಹಕ್ಕಿಗಳಿಗೆ ಪಡಿತರದ ಕಾಳು, ಸಾಕಣೆದಾರನ ಕೋಟಿಗೆ ಸಿಕ್ಕಿಸಲು ಬ್ಯಾಡ್ಜ್ ದೊರೆಯುತ್ತಿತ್ತು. 1941ರಿಂದ 1944ರವರೆಗೆ ನಡೆದ ‘ಕೊಲಂಬಾ’ ಕಾರ್ಯಾಚರಣೆಯಲ್ಲಿ ಸುಮಾರು 16,000 ಪಾರಿವಾಳಗಳನ್ನು ಸಣ್ಣ ಪ್ಯಾರಾಚೂಟ್ ಕಟ್ಟಿದ ಡಬ್ಬಿಗಳಲ್ಲಿ ಆಕ್ರಮಿತ ದೇಶಗಳ ಹೊಲಗದ್ದೆಗಳ ಮೇಲೆ ಇಳಿಸಲಾಯಿತು. ಅಲ್ಲಿನ ಜನರಿಂದ ಮರಳಿ ಬಂದ ಸಂದೇಶಗಳು ಸುಮಾರು ಸಾವಿರ. ಇದಕ್ಕೆ ಇನ್ನೊಂದು ಕಡೆ ತೆತ್ತ ಬೆಲೆಯನ್ನೂ ಹೇಳಬೇಕು. ಪಾರಿವಾಳಗಳ ರಕ್ಷಣೆಗೆಂದು ಹೊರಡಿಸಿದ 1940ರ ಆದೇಶದಂತೆ ಬ್ರಿಟನ್ನಿನ ಕರಾವಳಿಯಲ್ಲಿ ಸುಮಾರು 600 ಪೆರಿಗ್ರಿನ್ ಡೇಗೆಗಳನ್ನು ಗುಂಡಿಟ್ಟು ಕೊಂದರು.

ಪ್ರಾಣಿ ಚಿಕಿತ್ಸೆಯ ದತ್ತಿಸಂಸ್ಥೆ ಪಿಡಿಎಸ್‌ಎ ಸ್ಥಾಪಿಸಿದ ಮರಿಯಾ ಡಿಕಿನ್ 1943ರಲ್ಲಿ ಯುದ್ಧಕಾಲದ ಪ್ರಾಣಿಗಳಿಗಾಗಿ ಒಂದು ಪದಕವನ್ನು ಆರಂಭಿಸಿದರು. ಕಂಚಿನ ಬಿಲ್ಲೆ, ಎಲೆಮಾಲೆಯೊಳಗೆ ಶೌರ್ಯಕ್ಕಾಗಿ, ನಾವೂ ಸೇವೆ ಮಾಡುತ್ತೇವೆ ಎಂಬರ್ಥದ ಬರಹ. ನೀರು, ನೆಲ, ಆಕಾಶಗಳನ್ನು ಸೂಚಿಸುವ ಹಸಿರು, ಕಂದು, ತಿಳಿನೀಲಿ ರಿಬ್ಬನ್. 1943ರಿಂದ 1949ರವರೆಗೆ ಕೊಟ್ಟ 54 ಪದಕಗಳಲ್ಲಿ 32 ಪಾರಿವಾಳಗಳಿಗೇ ಸಂದವು. ಉಳಿದವು 18 ನಾಯಿ, 3 ಕುದುರೆ, ಒಂದು ಬೆಕ್ಕಿಗೆ. ಇದು ಸರಕಾರದ ಪದಕವಲ್ಲ, ಸಾಕಣೆಗೆ ಕೊಟ್ಟದ್ದೂ ಅಲ್ಲ. ಆದರೂ ಒಂದೊಂದು ಪದಕದ ಹಿಂದೆಯೂ ಒಬ್ಬ ಸಾಕಣೆದಾರ ಕಾಣುತ್ತಾನೆ.

ಮೊದಲ ಮೂರು ಪದಕಗಳಲ್ಲಿ ಒಂದನ್ನು ಪಡೆದ ‘ವಿಂಕಿ’ಯ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. 1942ರ ಫೆಬ್ರವರಿ 23ರಂದು ಬ್ಯೂಫರ್ಟ್ ಬಾಂಬರ್ ವಿಮಾನವೊಂದು ಉತ್ತರ ಸಮುದ್ರಕ್ಕೆ ಬಿತ್ತು. ವಿಮಾನ ಒಡೆದಾಗ ಬುಟ್ಟಿಯ ಪಾರಿವಾಳ ಹೊರಬಂದು, ಎಣ್ಣೆ ಮೆತ್ತಿದ ರೆಕ್ಕೆಯಲ್ಲೇ ಸುಮಾರು 120 ಮೈಲಿ ಹಾರಿ ಸ್ಕಾಟ್ಲೆಂಡಿನ ಡಂಡೀ ಬಳಿಯ ಬ್ರಾಟಿ ಫೆರಿಯಲ್ಲಿನ ತನ್ನ ಗೂಡು ಸೇರಿತು. ಅದರ ಕಾಲಿನಲ್ಲಿ ಸಂದೇಶ ಇರಲಿಲ್ಲ. ಮಾಲೀಕ ಜಾರ್ಜ್ ರಾಸ್ ಹಕ್ಕಿಯ ಸ್ಥಿತಿ ನೋಡಿದವನೇ ವಾಯುಪಡೆಯ ನೆಲೆಗೆ ಸುದ್ದಿ ಮುಟ್ಟಿಸಿದ. ವಿಮಾನ ಬಿದ್ದ ಹೊತ್ತು, ಹಕ್ಕಿ ಬಂದ ಹೊತ್ತು, ಗಾಳಿಯ ದಿಕ್ಕು, ಎಣ್ಣೆ ಮೆತ್ತಿದ ಗರಿ ವೇಗವನ್ನು ಎಷ್ಟು ತಗ್ಗಿಸಿತು ಎಂಬ ಅಂದಾಜು ಇವನ್ನೆಲ್ಲ ಕೂಡಿಸಿ ವಿಮಾನ ಬಿದ್ದ ಜಾಗವನ್ನು ಗೊತ್ತುಮಾಡಿದರು. ಹುಡುಕಾಟದ ವಿಮಾನ ಸ್ವಲ್ಪ ಹೊತ್ತಿನಲ್ಲೇ ಸಿಬ್ಬಂದಿಯನ್ನು ಪತ್ತೆಮಾಡಿತು. ತನ್ನ ಹಕ್ಕಿ ಯಾವ ಗಾಳಿಯಲ್ಲಿ ಎಷ್ಟು ವೇಗ ಹಾರುತ್ತದೆ ಎಂದು ತಿಳಿದವನೊಬ್ಬ ಗೂಡಿನ ಬಳಿ ಇರದಿದ್ದರೆ ಅಂದು ಬಂದದ್ದು ದಣಿದ ಒಂದು ಹಕ್ಕಿ ಮಾತ್ರ ಆಗುತ್ತಿತ್ತು. ಬದುಕುಳಿದ ಸಿಬ್ಬಂದಿ ವಿಂಕಿಯ ಗೌರವಕ್ಕೆ ಔತಣ ಏರ್ಪಡಿಸಿದರು.

ಉಳಿದ ಹೆಸರುಗಳಲ್ಲೂ ಸಮಾಜದ ಎಲ್ಲ ಮೆಟ್ಟಿಲಿನವರೂ ಇದ್ದಾರೆ. ಹಲವು ಸಲ ಗಾಯಗೊಂಡು ಮರಳಿದ ‘ಮೇರಿ ಆಫ್ ಎಕ್ಸಿಟರ್’ ಅನ್ನು ಸಾಕಿದವನು ಚಾರ್ಲಿ ಬ್ರೂವರ್ ಎಂಬ ಚಮ್ಮಾರ. 1940ರ ಅಕ್ಟೋಬರಿನಲ್ಲಿ ನೆಲಕ್ಕಿಳಿದ ವಿಮಾನದ ಸುದ್ದಿ ತಂದ ‘ರಾಯಲ್ ಬ್ಲೂ’ ಸ್ಯಾಂಡ್ರಿಂಗ್‌ಹ್ಯಾಮಿನ ಅರಮನೆಯ ಗೂಡಿನದು. ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡ್ 1886ರಲ್ಲಿ ಉಡುಗೊರೆ ಕೊಟ್ಟ ಹಕ್ಕಿಗಳಿಂದ ಆ ಗೂಡು ಆರಂಭವಾಗಿತ್ತು. 1944ರ ಜೂನ್ 6ರಂದು ನಾರ್ಮಂಡಿ ದಾಳಿಯ ಮೊದಲ ಸುದ್ದಿಯನ್ನು 5 ಗಂಟೆ 16 ನಿಮಿಷದಲ್ಲಿ ತಂದ ‘ಗುಸ್ತಾವ್’ನ ಉಂಗುರದ ಅಂಕಿ ಎನ್‌ಪಿಎಸ್ 42.31066, ಎಂದರೆ ರಾಷ್ಟ್ರೀಯ ಪಾರಿವಾಳ ಸೇವೆ, 1942ರ ಮರಿ. ಆರ್ನಮ್ ಕದನದಿಂದ 1944ರ ಸೆಪ್ಟೆಂಬರಿನಲ್ಲಿ 260 ಮೈಲಿಯನ್ನು 4 ಗಂಟೆ 25 ನಿಮಿಷದಲ್ಲಿ ಹಾರಿದ ‘ವಿಲಿಯಂ ಆಫ್ ಆರೆಂಜ್’ ಅನ್ನು ಅದನ್ನು ಬೆಳೆಸಿದ ಸರ್ ವಿಲಿಯಂ ಪ್ರಾಕ್ಟರ್ ಸ್ಮಿತ್ ಸೇನೆಯಿಂದ 135 ಪೌಂಡಿಗೆ ಬಿಡಿಸಿಕೊಂಡ. ಮುಂದೆ ಅದರ ಮೊಮ್ಮಕ್ಕಳು ಪಂದ್ಯಗಳಲ್ಲಿ ಹೆಸರು ಮಾಡಿದವು. ಪ್ಯಾರಿಸ್ಸಿನ 1 ಫ್ರಾಂಕ್ 50 ಸೆಂಟೀಮಿನಿಂದ ಇಲ್ಲಿಗೆ ಬರಲು ಮುಕ್ಕಾಲು ಶತಮಾನ ಬೇಕಾಯಿತು.

ನಂತರದ ಕಾಲ

ಅಮೆರಿಕ ತನ್ನ ಪಾರಿವಾಳ ಸೇವೆಯನ್ನು 1957ರಲ್ಲಿ ಮುಚ್ಚಿತು. ಫ್ರಾನ್ಸಿನ 1896ರ ಕಾನೂನು 1994ರವರೆಗೆ ಉಳಿದಿತ್ತು. ಪ್ಯಾರಿಸ್ ಬಳಿಯ ಮೋಂ ವಲೇರಿಯನ್ ಕೋಟೆಯಲ್ಲಿ ಸೇನೆ ಈಗಲೂ ಒಂದು ಗೂಡನ್ನೂ ಪಾರಿವಾಳ ಸೇವೆಯ ಸಂಗ್ರಹಾಲಯವನ್ನೂ ಇಟ್ಟುಕೊಂಡಿದೆ. ಭಾರತದಲ್ಲಿ ಸೇನೆಯಿಂದ ಬಂದ ಪಾರಿವಾಳಗಳಿಂದ 1946ರಲ್ಲಿ ಒಡಿಶಾ ಪೊಲೀಸರ ಪಾರಿವಾಳ ಅಂಚೆ ಆರಂಭವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಕಟಕ್‌ನಲ್ಲಿ ಇಂದಿಗೂ ಆ ಬೆಲ್ಜಿಯನ್ ಹೋಮರ್ ಹಕ್ಕಿಗಳನ್ನು ಸಾಕುತ್ತಿದ್ದಾರೆ. ಬೆಂಗಳೂರು, ಚೆನ್ನೈಗಳ ಹೋಮರ್ ಕ್ಲಬ್ಬುಗಳ ಪಂದ್ಯಗಳಲ್ಲೂ ಹಕ್ಕಿಯ ಗುರುತಿಗೆ ಕಾಲಿನ ಉಂಗುರ, ಗೆಲುವಿಗೆ ವೇಗದ ಲೆಕ್ಕ. ಶೌರ್ಯದ ಪದಕಗಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ: ಹೇವರ್ಡ್ಸ್ ಹೀತಿನ ಸಿಡ್ ಮೂನ್ ಬೆಳೆಸಿದ ‘ಕಮಾಂಡೊ’ ಎಂಬ ಹಕ್ಕಿಯ ಡಿಕಿನ್ ಪದಕ 2004ರ ಹರಾಜಿನಲ್ಲಿ 9,200 ಪೌಂಡಿಗೆ ಹೋಯಿತು. ಸ್ವತಃ ಮೂನ್ ಮೊದಲ ಮಹಾಯುದ್ಧದಲ್ಲಿ ಸೇನೆಯ ಪಾರಿವಾಳ ಸೇವೆಯಲ್ಲಿ ದುಡಿದವನು.